ನಾನು ಕಸಕ್ಕೆ ಹಾಕಿದ ಡಬ್ಬ

ನನ್ನ ತಾಯಿ ಮೂರು ವರ್ಷ ಕೂರಲಾರದೆ, ನಿಂತುಕೊಂಡೇ ಶಿವಪೂಜೆ ಮಾಡಿದರು. ಅದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬಳು. ನಂಜುಂಡೇಶ್ವರನ ಭಕ್ತರಾದ ನಿಮ್ಮೆದುರು ಮೊದಲು ಅದನ್ನು ಒಪ್ಪಿಕೊಂಡು, ಆಮೇಲೆ ಅವನ ಕೃಪೆಯ ಮಾತಿಗೆ ಬರುತ್ತೇನೆ.

ನಾನು ಚೆನ್ನೈಯಲ್ಲಿ ಮಹಿಳೆಯರ ಆರೋಗ್ಯದ ಹಕ್ಕುಗಳಿಗಾಗಿ ದುಡಿಯುವವಳು. ಎರಡು ಸಾವಿರದ ಇಸವಿ ಕಳೆದ ಕೆಲವು ವರ್ಷಗಳಿಗೆ, ನಂಜನಗೂಡಿನಿಂದ ಅಡ್ಯಾರಿನ ನನ್ನ ಮನೆಗೆ ಬಂದಿದ್ದ ಅವ್ವನಿಗೆ ಗರ್ಭಕೋಶ ಜಾರುವ ತೊಂದರೆಯಿದೆಯೆಂದು ತಿಳಿಯಿತು. ಖಾಸಗಿ ಆಸ್ಪತ್ರೆಯ ವೈದ್ಯರು ಹೊಸ ಉಪಕರಣವೊಂದನ್ನು ತೋರಿಸಿದರು: ಅಂಗೈಗೆ ಒಗ್ಗುವ ಹಿಡಿ, ಅದರ ತುದಿಗೆ ಡೊಂಕಾದ ಉದ್ದ ಸೂಜಿ. ಪ್ಲಾಸ್ಟಿಕ್ ನೂಲಿನ ಜಾಲರಿ ಬಟ್ಟೆಯನ್ನು ಅದರಿಂದ ಒಳಗೆಳೆದು, ಜಾರಿದ ಅಂಗಕ್ಕೆ ಆಸರೆಯಾಗಿ ಕೂರಿಸುತ್ತಾರೆ.

"ದಬ್ಬಣ ಇದ್ದಂಗೈತೆ," ಎಂದರು ಅವ್ವ. "ಮದ್ರಾಸಿನ ಸೊಳ್ಳೆ ಒಳಕ್ಕೂ ಬತ್ತವಾ, ಪರದೆ ಕಟ್ಟಕ್ಕೆ?"

ನಾನು ನಗಲಿಲ್ಲ. "ಇದು ವಿಜ್ಞಾನ ಅವ್ವ," ಎಂದೆ.

ನಡೆದ ಅನ್ಯಾಯಗಳನ್ನು ಹೇಳಲೇಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅವ್ವನಿಗೆ ಯಾರೂ ಓದಿ ಹೇಳಲಿಲ್ಲ. ಜಾಲರಿ ಮಾಂಸಕ್ಕೆ ಬೆಸೆದುಕೊಂಡರೆ ಪೂರ್ತಿ ತೆಗೆಯಲಾಗದೆಂದು ವೈದ್ಯರು ತಿಳಿಸಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕಂಪನಿಯ ಪ್ರತಿನಿಧಿಯೇ ನಿಂತು, ಹಿಡಿಯನ್ನು ಹೇಗೆ ತಿರುಗಿಸಬೇಕೆಂದು ವೈದ್ಯರಿಗೆ ಹೇಳಿಕೊಟ್ಟನೆಂದು ನರ್ಸ್ ಒಬ್ಬರಿಂದ ಆಮೇಲೆ ಗೊತ್ತಾಯಿತು. ಇನ್ನೊಂದು ನನ್ನದು. ಅವ್ವ ಹೆಬ್ಬೆಟ್ಟು ಒತ್ತುವ ಮೊದಲೇ "ಅವರು ಒಪ್ಪಿದ್ದಾರೆ" ಎಂದವಳು ನಾನು.

ಬಳಸಿದ ವಸ್ತುವಿನ ಖಾಲಿ ಡಬ್ಬವನ್ನು ಆಸ್ಪತ್ರೆಯವರು ಸಾಕ್ಷಿಗೆಂದು ನಮ್ಮ ಕೈಗೆ ಕೊಟ್ಟರು. ಅವ್ವ ಅದರಲ್ಲಿ ವಿಭೂತಿ ತುಂಬಿ ದೇವರ ಗೂಡಿನಲ್ಲಿಟ್ಟರು. "ಕಂಪನಿಯ ಡಬ್ಬಕ್ಕೆ ಪೂಜೆಯೇ?" ಎಂದು ರೇಗಿ ನಾನು ಕಸದ ಬುಟ್ಟಿಗೆ ಹಾಕಿದೆ.

ನನ್ನ ಮನೆಯಲ್ಲೇ ಉಳಿದ ಅವ್ವ ನಿಂತು ಪೂಜೆ ಮಾಡತೊಡಗಿದರು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಸಭೆಗಳಲ್ಲಿ ನಾನು, ಚಿಕಿತ್ಸೆಯಿಂದ ಗುಣವಾದವರೆಂದು ಅವರದೇ ಉದಾಹರಣೆ ಕೊಡುತ್ತಿದ್ದೆ. ಮೂರನೆಯ ವರ್ಷದ ಶ್ರಾವಣದಲ್ಲಿ ಅವರ ಸೀರೆಯ ಮೇಲೆ ರಕ್ತ ಕಂಡಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಮ್ಮವ್ವ ಹುಷಾರಾದ್ಲು ಅಂತ ಎಲ್ಲಾರ್ಗೂ ಹೇಳ್ಕಂಡ್ ಬಂದಿದ್ದೆಯಲ್ಲ ಮಗ. ನಿನ್ ಮಾತ ನಾನೇ ಸುಳ್ಳು ಮಾಡಕ್ಕಾಯ್ತದಾ?"

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೊದಲಿನ ಆಸ್ಪತ್ರೆಯವರು ವಯಸ್ಸಿನ ನೋವೆಂದರು. ಹಳೆಯ ಕಡತ ಸಿಗುತ್ತಿಲ್ಲವೆಂದರು. ಟ್ರಿಪ್ಲಿಕೇನಿನ ವೈದ್ಯೆಯೊಬ್ಬರು ಮಾತ್ರ ಅವ್ವನನ್ನು ನಂಬಿದರು. ಜಾಲರಿ ಒಳಗಿನ ಚರ್ಮ ಕೊರೆದು ಹೊರಚಾಚಿತ್ತು. "ತೆಗೆಯಬೇಕು. ಆದರೆ ಯಾವ ಮಾದರಿ, ಸೂಜಿ ಯಾವ ದಾರಿಯಲ್ಲಿ ಹೋಗಿದೆ ಎಂದು ತಿಳಿಯದೆ ನಾನು ಕೈ ಹಾಕಲಾರೆ. ಡಬ್ಬ ಇದೆಯಾಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು.

"ಎಸೆದುಬಿಟ್ಟೆ," ಎಂದೆ, ನಾನೂ ತಮಿಳಿನಲ್ಲೇ. ಪಕ್ಕದಲ್ಲಿದ್ದ ಅವ್ವನಿಗೆ ಒಂದು ಮಾತೂ ಅರ್ಥವಾಗಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಗಸೊಬ್ಬರು "ಉಕ್ಕಾರುಂಗ ಪಾಟ್ಟಿ", ಕೂತುಕೊಳ್ಳಿ ಅಜ್ಜಿ, ಎಂದು ಸೀಟು ಬಿಟ್ಟುಕೊಟ್ಟರು. ಅವ್ವ ನಕ್ಕು, ಕಂಬಿ ಹಿಡಿದು ನಿಂತೇ ಇದ್ದರು. ಅಲ್ಲಿಯವರೆಗೆ ದೇವರಲ್ಲಿ ಏನನ್ನೂ ಬೇಡದಿದ್ದ ನಾನು ಬೇಡಿದೆ: ನಂಜುಂಡಪ್ಪಾ, ನಾನು ಎಸೆದದ್ದನ್ನು ನನಗೆ ಹಿಂದಿರುಗಿಸು.

ಮನೆಗೆ ಬಂದು ದೇವರ ಗೂಡಿನೆದುರು ಕುಸಿದು ಅತ್ತೆ. ಅವ್ವ ಗಾಬರಿಯಾಗಿ, "ಅದೇನಂದ್ರು ಡಾಕ್ಟ್ರಮ್ಮ? ಕನ್ನಡದಲ್ಲಿ ಹೇಳು," ಎಂದರು. ಹೇಳಿದೆ.

"ಯಾವ್ದು, ನನ್ನ ಈಬತ್ತಿ ಡಬ್ಬವಾ? ಅವತ್ತೇ ಎತ್ಕಂಡೆ ಕನವ್ವ. ಬಯ್ತೀಯ ಅಂತ ಫೋಟೋ ಹಿಂದ್ಗಡೆ ಮಡಗಿವ್ನಿ."

ನಂಜುಂಡೇಶ್ವರನ ಪಟದ ಹಿಂದೆ ಡಬ್ಬವಿತ್ತು. ವಿಭೂತಿಯ ಅಡಿಯಲ್ಲಿ ಮಡಿಸಿದ ಕಾಗದ. ಅದರಲ್ಲಿ ಮಾದರಿಯ ಹೆಸರು, ಸೂಜಿ ಹಾಯುವ ದಾರಿಯ ಚಿತ್ರ.

ಕಾರ್ತಿಕಕ್ಕೆ ಮೊದಲು ಶಸ್ತ್ರಚಿಕಿತ್ಸೆ ಆಯಿತು. ಅರ್ಧದಷ್ಟು ಜಾಲರಿ ಹೊರಬಂತು, ರಕ್ತ ನಿಂತಿತು. ಉಳಿದರ್ಧ ಅವ್ವನ ಮಾಂಸದಲ್ಲೇ ಇದೆ, ಕೊನೆಯವರೆಗೂ ಇರುತ್ತದೆ. ಇದನ್ನು ಪೂರ್ಣ ಗುಣವೆಂದು ಬರೆದರೆ ದೇವರಿಗೇ ಸುಳ್ಳು ಹೇಳಿದಂತೆ. ತಾಯಂದಿರೇ, ನಿಮ್ಮ ಒಳಗೆ ಇಡುವುದರ ಹೆಸರನ್ನು ನಿಮ್ಮ ಭಾಷೆಯಲ್ಲೇ ಕೇಳಿ ತಿಳಿದುಕೊಳ್ಳಿ.

ಕಾರ್ತಿಕದ ಕಡೆಯ ಸೋಮವಾರ ಅವ್ವ ಮಣೆಯ ಮೇಲೆ ಕೂತರು. ಅದೇ ಡಬ್ಬದ ವಿಭೂತಿಯನ್ನು ನನ್ನ ಹಣೆಗೆ ಹಚ್ಚಿದರು.

"ನೋವಿದೆಯಾ ಅವ್ವ?" ಎಂದೆ.

ಅವ್ವ ಡಬ್ಬದ ಮುಚ್ಚಳ ಹಾಕಿ, "ಐತೆ ಕನ ಮಗ," ಎಂದರು.

ಮೂರು ವರ್ಷಗಳ ಮೇಲೆ ನನ್ನ ತಾಯಿ ನನಗೆ ನಿಜ ಹೇಳಿದ್ದರು. ನಾನು ಬೇಡಲು ತಿಳಿಯದಿದ್ದ ಆ ನಿಜವನ್ನೂ ಕೊಟ್ಟ ನಂಜುಂಡೇಶ್ವರನಿಗೆ ಶರಣು.