‘ತೆರೀತೇನ್ರಿ?’ ಎಂದು ಕೇಳುತ್ತಿದ್ದ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ಉಗುರು ಸರಿಯಾಗಿ ಬೆಳೆದದ್ದನ್ನು ನಾನು ಎಂದೂ ಕಾಣಲಿಲ್ಲ. ಕಂಪ್ಯೂಟರಿನಿಂದ ದೊಡ್ಡ ಫೈಲೊಂದು ಹೊರಟಿತೆಂದರೆ, ಅದು ಹೋಗಿ ಮುಟ್ಟುವ ತನಕ ಆ ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತ ಕೂರುವುದು ಅವಳ ರೂಢಿ. ಅಲ್ಲಿ ಬಣ್ಣ ಹೋಗಿ ಬಿಳಿಯ ಕಟ್ಟಿಗೆ ಕಾಣುತ್ತಿತ್ತು. ಕೆಲವೊಮ್ಮೆ ಉಗುರು ಒಡೆದು ರಕ್ತ ಜಿನುಗುತ್ತಿತ್ತು. ಸೆರಗಿನ ತುದಿಗೆ ಒರೆಸಿಕೊಂಡು ಮತ್ತೆ ಪರದೆಯತ್ತ ನೋಡುತ್ತಿದ್ದಳು.

ರೋಣದ ಬಸ್ ನಿಲ್ದಾಣದ ಹತ್ತಿರ, ಕಿರಾಣಿ ಅಂಗಡಿಯ ಮೇಲಿನ ಕೋಣೆ ಅವಳ ಆಫೀಸು. ಹಿಂದೆ ಒಂದು ಪುಟ್ಟ ಅಡುಗೆಮನೆ, ಒಂದು ಮಂಚ. ಅದೇ ಅವಳ ಮನೆ. ಕಟ್ಟಡಗಳ ನಕಾಶೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೊಡುವುದು ಅವಳ ಕೆಲಸ. ನರಗುಂದದ ಇಂಜಿನಿಯರೊಬ್ಬರು ಲೆಕ್ಕ ಹಾಕಿ ಕಳಿಸುತ್ತಿದ್ದರು. ಅಕ್ಕ ಬಿಡಿಸಿ ಅವರಿಗೆ ತೋರಿಸಿ, ಗಜೇಂದ್ರಗಡಕ್ಕೋ ಶಿರೋಳಕ್ಕೋ ರಾಜೂರಿಗೋ, ಕಟ್ಟಡ ಏಳುತ್ತಿದ್ದಲ್ಲಿಗೆ ಕಳಿಸುತ್ತಿದ್ದಳು. ನಾನು ಸವಡಿಯವಳು, ಅವಳ ಒಡಹುಟ್ಟಿದವಳಲ್ಲ; ಎಲ್ಲರೂ ಕರೆಯುವಂತೆ ನಾನೂ ಅಕ್ಕ ಎನ್ನುತ್ತಿದ್ದೆ. ಡಿಪ್ಲೊಮಾ ಮುಗಿಸಿ ಎಲ್ಲಿಯೂ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದಾಗ ಅಕ್ಕ ಕರೆಸಿಕೊಂಡಳು. ‘ಗೀಟ ಎಳಿಯೂದ ನಾ ಕಲಸ್ತೀನಿ. ಕಳಸೂದ ಅದಕ್ಕಿಂತ ತ್ರಾಸ ಐತಿ. ಅದನ್ನೂ ಕಲಸ್ತೀನಿ’ ಎಂದಳು. ಫೈಲು ಕಳಿಸುವುದರಲ್ಲಿ ಕಲಿಯುವಂಥದ್ದು ಏನಿದೆ ಎಂದು ನನಗೆ ಒಳಗೇ ನಗು ಬಂದಿತ್ತು.

ಒಂದು ಕಟ್ಟಡದ ನಕಾಶೆ ಒಂದೇ ಹಾಳೆಯಲ್ಲ. ಮುಖ್ಯ ಫೈಲಿಗೆ ಅಂಟಿಕೊಂಡ ಹತ್ತಾರು ಫೈಲುಗಳಿರುತ್ತವೆ. ಅವುಗಳಲ್ಲಿ ಒಂದು ಹಿಂದೆ ಉಳಿದರೆ ಆ ಕಡೆಯವರಿಗೆ ಗೋಡೆ ಕಾಣುತ್ತದೆ, ಗೋಡೆಯೊಳಗಿನ ಕಬ್ಬಿಣ ಕಾಣುವುದಿಲ್ಲ. ಅಕ್ಕ ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತಿದ್ದಳು. ಅದನ್ನು ಮೆಸೇಜಿನಲ್ಲಿ ತುರುಕದೆ, ಇಂಟರ್ನೆಟ್ಟಿನಲ್ಲಿ ತಾನು ಬಾಡಿಗೆಗೆ ಹಿಡಿದಿದ್ದ ಜಾಗಕ್ಕೆ ಏರಿಸಿ, ಲಿಂಕ್ ಮಾತ್ರ ಕಳಿಸುತ್ತಿದ್ದಳು. ನಡುವೆ ನೆಟ್ ಹೋದರೂ ಫೈಲು ಬಿಟ್ಟಲ್ಲಿಂದಲೇ ಮುಂದೆ ಹೋಗುತ್ತಿತ್ತು. ಆಮೇಲೆ ಕಂಪ್ಯೂಟರಿನಿಂದ ಆ ಗಂಟಿನ ಗುರುತು ತೆಗೆಸುತ್ತಿದ್ದಳು. ಅದು ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಬದಲಾಗಿಬಿಡುತ್ತದೆ. ನರಗುಂದದ ಇಂಜಿನಿಯರು ತಮ್ಮ ಕಡೆಯೂ ಅದನ್ನು ತೆಗೆದು ಫೋನಿನಲ್ಲಿ ಓದಬೇಕು, ಇಲ್ಲಿ ಅಕ್ಕ ಒಂದೊಂದೇ ಅಕ್ಷರ ತಾಳೆ ನೋಡಬೇಕು. ಆ ಹಿರಿಯರು ಗೊಣಗುತ್ತಿದ್ದರು, ಆದರೆ ಓದುತ್ತಿದ್ದರು.

ಇಷ್ಟಾದ ಮೇಲೂ ಅವಳಿಗೆ ಸಮಾಧಾನವಿಲ್ಲ. ಕಟ್ಟಡದ ಜಾಗಕ್ಕೆ ಫೋನು ಹಚ್ಚುತ್ತಿದ್ದಳು.

‘ಮುಟ್ಟೇತ್ರಿ ಅಕ್ಕಾರ’ ಎನ್ನುತ್ತಿತ್ತು ಆ ಕಡೆಯ ದನಿ.

‘ಮುಟ್ಟಿದ್ದ ಕೇಳಾಕತ್ತಿಲ್ಲ. ತೆರೀತೇನ್ರಿ?’

‘ತೆರೀತ್ರಿ.’

‘ಹಂಗಾದ್ರ ಓದ್ರಿ. ಬಲಕ್ಕ ಕೆಳಗಿನ ಮೂಲ್ಯಾಗ ಏನ ಬರದೇತಿ?’

ನಾಲ್ಕೂ ಮೂಲೆ ಓದಿಸಿ, ನಡುವಿನ ಒಂದು ಅಳತೆ ಓದಿಸಿದ ಮೇಲೆಯೇ ಅವಳು ಫೋನು ಕೆಳಗಿಡುತ್ತಿದ್ದದ್ದು. ನೆಟ್ ತೀರಾ ಕೈಕೊಟ್ಟ ದಿನ ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಒಮ್ಮೆ ತೆರೆದು ನೋಡಿ, ಬಸ್ ಕಂಡಕ್ಟರನ ಕೈಗೆ ಕೊಟ್ಟು ಬರುತ್ತಿದ್ದಳು. ಪೇಟೆಯವರು ಅವಳಿಗೆ ‘ತೆರೀತೇನ್ರಿ ಅಕ್ಕ’ ಎಂದು ಹೆಸರಿಟ್ಟಿದ್ದರು. ಅವಳ ಕಿವಿಗೂ ಅದು ಬಿದ್ದಿತ್ತು. ‘ಅಂದ್ಕೊಳ್ಳಲಿ ಬಿಡು’ ಎಂದು ನಕ್ಕಿದ್ದಳು. ನಗುವಾಗ ಕೆನ್ನೆಯಲ್ಲಿ ಕುಳಿ ಬೀಳುತ್ತಿತ್ತು, ಆ ಹೊತ್ತಿಗೆ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು.

ನಮ್ಮೂರಿನ ಗೌಡರೊಬ್ಬರು ಮನೆ ಕಟ್ಟಿಸುತ್ತಿದ್ದರು. ಒಂದು ದಿನ ಫೋನು ಮಾಡಿ, ಗ್ಯಾಲರಿಯ, ಅಂದರೆ ಮಹಡಿಯಿಂದ ಹೊರಚಾಚುವ ಬಾಲ್ಕನಿಯ, ಹಾಳೆ ಈಗಲೇ ಬೇಕು, ಗಾರೆಕೆಲಸದ ಗೌಂಡಿ ಕಾಯುತ್ತಾನೆ, ಸುಮ್ಮನೆ ಪರದೆಯ ಫೋಟೋ ಹೊಡೆದು ಕಳಿಸಿ ಎಂದರು.

‘ಫೋಟೋ ಕಳಸಂಗಿಲ್ರಿ’ ಎಂದಳು ಅಕ್ಕ.

‘ಎಲ್ಲಾರೂ ಕಳಸ್ತಾರವ್ವಾ! ಒಂದ ಗ್ಯಾಲರಿಗೆ ಏನ ಇಷ್ಟ ಬಿಂಕ?’

‘ಒಂದ ತಾಸ ತಡೀರಿ ಗೌಡ್ರ. ಹಾಳಿ ತಗೊಂಡು ನಾನ ಬರ್ತೀನಿ.’

ದೊಡ್ಡ ಕಾಗದದ ಮೇಲೆ ಛಾಪಿಸಿ, ಸುರುಳಿ ಸುತ್ತಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ನಾವು ಮುಟ್ಟಿದಾಗ ಗೌಂಡಿ ಗ್ಯಾಲರಿಯ ಹಲಗೆಗಳ ಕೆಳಗೆ ನಿಂತು ಆಸರೆಯ ಕಂಬವೊಂದನ್ನು ಅಲ್ಲಾಡಿಸಿ ನೋಡುತ್ತಿದ್ದ. ಅಕ್ಕ ಬೀದಿಯಿಂದಲೇ ಚೀರಿದಳು: ‘ಅಲ್ಲಿಂದ ಹೊರಗ ಬರ್ರಿ! ಮೊದಲ ಹೊರಗ ಬರ್ರಿ!’

ಆ ದನಿ ನಾನು ಎಂದೂ ಕೇಳಿರದ ದನಿ. ಗೌಂಡಿ ಗಾಬರಿಯಾಗಿ ಹೊರಬಂದ. ಅವಳು ಹಾಳೆ ಹಾಸಿ, ಕಬ್ಬಿಣದ ಸರಳುಗಳು ಎಲ್ಲಿ ಬರಬೇಕೆಂದು ಬೆರಳಿಟ್ಟು ತೋರಿಸಿದಳು. ಅವಳು ತೋರಿಸಿದ್ದನ್ನು ಅವನು ತಿರುಗಿ ಹೇಳಿದ. ಗೌಡರು ಮಜ್ಜಿಗೆ ತರಿಸಿದರು. ಅಕ್ಕ ಲೋಟ ಹಿಡಿದುಕೊಂಡೇ ಗೌಂಡಿಯಿಂದ ಇನ್ನೊಮ್ಮೆ ಹೇಳಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಚೀಲದಿಂದ ಒಂದು ಹಳೆಯ ಫೋನು ತೆಗೆದಳು. ‘ಇದು ನಮ್ಮನಿಯವರದು’ ಎಂದಳು. ಗಂಡ ತೀರಿಹೋದದ್ದು ನನಗೆ ಗೊತ್ತಿತ್ತು, ಹೇಗೆಂದು ಯಾರೂ ಹೇಳಿರಲಿಲ್ಲ.

ಅವರು ಗಜೇಂದ್ರಗಡದ ನೇಕಾರರ ಮನೆಯ ಮಗ. ಮಗ್ಗ ಬಿಟ್ಟು ಕಟ್ಟಡದ ಮೇಲ್ವಿಚಾರಣೆಗೆ ಸೇರಿದ್ದರು. ಅಲ್ಲಿ ಒಂದು ಅಂಗಡಿಸಾಲಿನ ಕಟ್ಟಡ ಏಳುತ್ತಿತ್ತು, ಅದರ ನಕಾಶೆ ಅಕ್ಕನದೇ. ಮೊದಲ ನಕಾಶೆಯಲ್ಲಿ ಗ್ಯಾಲರಿಯ ತುದಿಗೆ ಕಂಬವಿತ್ತು. ಮಾಲೀಕರಿಗೆ ಕಂಬ ಬೇಡವಾಯಿತು. ಇಂಜಿನಿಯರು ಹೊಸದಾಗಿ ಲೆಕ್ಕ ಹಾಕಿದರು. ಕಂಬವಿಲ್ಲದೆ ಹೊರಚಾಚುವ ಗ್ಯಾಲರಿಗೆ ಮುಖ್ಯ ಸರಳುಗಳು ಕಾಂಕ್ರೀಟಿನ ಮೇಲ್ಭಾಗದಲ್ಲಿರಬೇಕು, ಇಲ್ಲದಿದ್ದರೆ ಅದು ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಅಕ್ಕ ಅದನ್ನು ಸರಿಯಾಗಿಯೇ ಬಿಡಿಸಿದಳು, ಫೈಲು ಕಳಿಸಿದಳು. ಗಂಡ ಫೋನು ಮಾಡಿದರು.

‘ಫೈಲ ತೆರಿಯಾಕ ಒಲ್ದು ನೋಡು. ಕೆಟ್ಟೈತಿ ಅಂತ ತೋರಸಾಕತ್ತೈತಿ. ಇಲ್ಲಿ ಕಾಂಕ್ರೀಟ ಕಲಿಸಿ ನಿಂತಾರ.’

ಅಕ್ಕನ ಮುಂದೆ ಬೇರೆಯ ಕೆಲಸ ಕೂತಿತ್ತು. ಪರದೆಯ ಫೋಟೋ ಹೊಡೆದು ಹಾಕಿದಳು. ಎರಡು ನೀಲಿ ಗೀಟು ಬಂದವು. ನೋಡಿದರು ಎಂದುಕೊಂಡು ಕೆಲಸಕ್ಕೆ ತಿರುಗಿದಳು.

ಅವಳು ಆ ಫೋಟೋ ನನಗೆ ತೋರಿಸಿದಳು. ಹಾದಿಯಲ್ಲಿ ಕುಗ್ಗಿ ಮುಟ್ಟಿದ ಚಿತ್ರ. ಕಂಬ ಇಲ್ಲವೆಂಬುದು ಕಾಣುತ್ತಿತ್ತು. ಸರಳುಗಳಿರಬೇಕಾದ ಜಾಗದಲ್ಲಿ ಬೂದಿಬಣ್ಣದ ಒಂದು ಕಲೆ, ಅಷ್ಟೇ. ಅವರು ಕಂಬ ಕೈಬಿಟ್ಟರು, ಸರಳುಗಳನ್ನು ಹಳೆಯ ಹಾಳೆಯಲ್ಲಿದ್ದಂತೆಯೇ ಕೆಳಗೆ ಇರಿಸಿದರು. ಕಾಂಕ್ರೀಟು ಒಣಗಿದ ಮೇಲೆ ಆಸರೆ ಬಿಚ್ಚುವ ದಿನ ಕೆಲಸದವರನ್ನೆಲ್ಲ ದೂರ ನಿಲ್ಲಿಸಿ, ಆಸರೆಯ ಕೊನೆಯ ಕಂಬಕ್ಕೆ ತಾವೇ ಕೈ ಹಾಕಿದರು. ಗ್ಯಾಲರಿ ಅವರ ಮೇಲೆಯೇ ಬಿತ್ತು.

‘ಡ್ರಾಯಿಂಗ ಸರಿ ಇತ್ತು, ಆತನ ತಪ್ಪ ಮಾಡ್ಯಾನ ಅಂದ್ರು ಎಲ್ಲಾರೂ’ ಎಂದಳು ಅಕ್ಕ. ‘ಓಣ್ಯಾಗ ಇವತ್ತಿಗೂ ಹಂಗ ಅಂತಾರ. ಮಗ್ಗ ಬಿಟ್ಟು ತಿಳೀದ ಕೆಲಸಕ್ಕ ಹೋಗಿ ಸತ್ತ ಅಂತಾರ. ನಾ ಬಾಯಿ ಬಿಟ್ಟಿಲ್ಲ. ನಮ್ಮತ್ತಿಗೂ ಹೇಳಿಲ್ಲ.’

ಅವಳ ಕೈ ಹಿಡಿದುಕೊಂಡು ಕೂತೆ. ರೋಣ ಬಂದರೂ ಇಬ್ಬರೂ ಏಳಲಿಲ್ಲ, ಕಂಡಕ್ಟರ್ ಬಂದು ಎಬ್ಬಿಸಿದ.

ರವಿವಾರಕ್ಕೊಮ್ಮೆ ಅವಳು ಗಜೇಂದ್ರಗಡಕ್ಕೆ ಅತ್ತೆಯ ಮನೆಗೆ ಹೋಗುತ್ತಿದ್ದಳು. ಅತ್ತೆ ಆ ವಯಸ್ಸಿನಲ್ಲೂ ಮಗ್ಗಕ್ಕೆ ಕೂರುತ್ತಿದ್ದರು. ಸೊಸೆಯೆಂದರೆ ಜೀವ. ಸಜ್ಜೆ ರೊಟ್ಟಿ ಮಾಡಿ ಕಟ್ಟಿಕೊಡುತ್ತಿದ್ದರು, ನನಗೂ ಸೇರಿಸಿ. ಆ ರೊಟ್ಟಿಯನ್ನು ಅಕ್ಕ ಯಾಕೆ ಅಷ್ಟು ಕಷ್ಟಪಟ್ಟು ನುಂಗುತ್ತಿದ್ದಳೆಂದು ಆ ದಿನದ ನಂತರ ನನಗೆ ತಿಳಿಯಿತು.

ಹೀಗೆಯೇ ಕೆಲವು ವರ್ಷ ಸರಿದವು. ನಕಾಶೆಗಳು ಹೋದವು, ಕಟ್ಟಡಗಳು ಎದ್ದವು. ಆಮೇಲೆ ಅಕ್ಕ ಮೆಲ್ಲಗೆ ಸೊರಗತೊಡಗಿದಳು. ಎದೆಯಲ್ಲಿ ಗಂಟಾಗಿದ್ದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ನಾನು ಒತ್ತಾಯ ಮಾಡಿ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದಾಗ ತಡವಾಗಿತ್ತು. ಡಾಕ್ಟರರು ನನ್ನನ್ನು ಬದಿಗೆ ಕರೆದರು. ಅಕ್ಕ ಹಿಂದೆಯೇ ಬಂದು, ‘ನನ್ನ ಮುಂದ ಹೇಳ್ರಿ’ ಎಂದಳು. ಕೇಳಿಸಿಕೊಂಡು ಹೊರಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ರೋಗದ್ದಾಗಿರಲಿಲ್ಲ.

‘ನಾ ಹೋದ್ರ ಆ ಮಾತೂ ನನ್ನ ಕೂಡ ಹೋಗ್ತೈತಿ. ಆತನ ಮ್ಯಾಲಿನ ಕೆಟ್ಟ ಹೆಸರ ಹಂಗ ಉಳೀತೈತಿ. ನಡಿ, ಗಜೇಂದ್ರಗಡಕ್ಕ ಹೋಗೂಣು.’

ಅತ್ತೆ ಮಗ್ಗದಲ್ಲಿದ್ದರು. ಸೊಸೆಯ ಮುಖ ನೋಡಿ ಲಾಳಿ ಬಿಟ್ಟು, ‘ಯಾಕವ್ವಾ, ಹಿಂಗ ಸೊರಗೀದಿ? ಬಾ, ಕೂಡು’ ಎಂದರು. ಅಕ್ಕ ಕೂರಲಿಲ್ಲ. ರೋಗದ ಸುದ್ದಿಯನ್ನು ತೆಗೆಯಲೇ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು. ತೆರೆಯದ ಫೈಲು, ತಾನು ಕಳಿಸಿದ ಫೋಟೋ, ಸುಮ್ಮನಿದ್ದ ವರ್ಷಗಳು. ‘ನಿಮ್ಮ ಮಗ ತಪ್ಪ ಮಾಡಿಲ್ರಿ ಅತ್ತಿ. ತಪ್ಪ ನಂದು.’

ಆ ಮುದುಕಿ ಮಗ್ಗದ ನೂಲಿನ ಮೇಲೆ ಕೈಯಾಡಿಸಿದರು. ಆಮೇಲೆ ಕೇಳಿದರು, ‘ನನ್ನ ಮಗನ್ನ ಊರೆಲ್ಲಾ ಅಂದಿದ್ದು ನೀ ಕೇಳೀದಿ. ಕೇಳಿ, ಈ ಮನ್ಯಾಗ ಹ್ಯಾಂಗ ಉಂಡಿ?’

ಅತ್ತೆ ಮತ್ತೆ ಲಾಳಿ ಎತ್ತಿಕೊಂಡರು. ಬಾಗಿಲ ತನಕ ಬಂದು ನಾನು ತಿರುಗಿ ನೋಡಿದೆ. ಅವರು ತಲೆ ಎತ್ತಲಿಲ್ಲ.

ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದ ಮೇಲೆ ನಾನೇ ಗಜೇಂದ್ರಗಡಕ್ಕೆ ಫೋನು ಮಾಡಿ ರೋಗದ ವಿಷಯ ತಿಳಿಸಿದೆ. ಅತ್ತೆ ‘ಹೂಂ’ ಎಂದರು, ಇಟ್ಟುಬಿಟ್ಟರು. ಬಾಗಿಲು ಸದ್ದಾದಾಗಲೆಲ್ಲ ಅಕ್ಕ ಕಣ್ಣು ತೆರೆಯುತ್ತಿದ್ದಳು. ‘ಅತ್ತಿ ಬಂದ್ರೇನು?’ ನಾನು, ‘ಬರ್ತಾರಕ್ಕಾ, ಬಸ್ಸ ಸಿಕ್ಕಿರಂಗಿಲ್ಲ’ ಎನ್ನುತ್ತಿದ್ದೆ. ಅವಳಿಗೆ ನನ್ನ ಸುಳ್ಳು ತಿಳಿಯುತ್ತಿತ್ತು. ಆದರೂ ಮಾರನೆಯ ದಿನ ಮತ್ತೆ ಕೇಳುತ್ತಿದ್ದಳು. ಒಂದು ಮುಂಜಾನೆ ನಾನು ಚಹಾ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಮುಖ ಬಾಗಿಲ ಕಡೆಗಿತ್ತು.

ಅಕ್ಕನನ್ನು ಮಣ್ಣು ಮಾಡುವಾಗಲೂ ಅತ್ತೆ ಬರಲಿಲ್ಲ. ನರಗುಂದದ ಇಂಜಿನಿಯರು ಬಂದರು, ಸವಡಿಯ ಗೌಡರು ಬಂದರು, ಬಸ್ಸಿನ ಕಂಡಕ್ಟರ್ ಕೂಡ ರಜೆ ಹಾಕಿ ಬಂದ. ನಾನು ಗಜೇಂದ್ರಗಡದ ದಾರಿಯನ್ನೇ ನೋಡುತ್ತಿದ್ದೆ.

ಅತ್ತೆ ಬಂದದ್ದು ಹಲವು ದಿನಗಳಾದ ಮೇಲೆ. ಮಧ್ಯಾಹ್ನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಆಫೀಸಿನ ಬಾಗಿಲಲ್ಲಿ ನಿಂತರು. ನೀರು ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟರು.

‘ಆ ಫೋಟೋ ಐತೇನವ್ವಾ? ನನಗೊಂದೀಟ ತೋರ್ಸು.’

ಆ ಹಳೆಯ ಫೋನು ನನ್ನ ಬಳಿಯೇ ಇತ್ತು. ತೆರೆದು ಕೈಗೆ ಕೊಟ್ಟೆ. ಅವರಿಗೆ ಅಕ್ಷರ ಬಾರದು. ಆದರೆ ಎಳೆಯೊಂದು ಅಡ್ಡಾದರೂ ಗುರುತಿಸುವ ಕಣ್ಣು ಅದು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಒಯ್ದು ನೋಡಿದರು.

‘ರಾಡ ಎಲ್ಲಿ ಅದಾವ ಇದರಾಗ?’

ನಾನು ಬೂದಿಬಣ್ಣದ ಕಲೆಯ ಮೇಲೆ ಬೆರಳಿಟ್ಟೆ. ‘ಇಲ್ಲೇ ಇರಬೇಕಾಗಿತ್ರಿ ಅಮ್ಮಾ.’

‘ಏನೂ ಕಾಣಂಗಿಲ್ಲಲ್ಲ.’

‘ಇಲ್ರಿ. ಕಾಣಂಗಿಲ್ಲ.’

‘ಕಳಸೂ ಹೊತ್ತಿಗೆ ಆಕಿಗೆ ಇದು ಹಿಂಗ ಕಾಣಸ್ತಿತ್ತೇನು?’

‘ಇಲ್ರಿ. ಅಕ್ಕನ ಪರದೀ ಮ್ಯಾಲ ಎಲ್ಲಾ ಸ್ವಚ್ಛ ಇತ್ತು. ಹಾದ್ಯಾಗ ಹಿಂಗಾತು.’

ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೆಳಗೆ ಕಿರಾಣಿ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು.

‘ಅಂದ್ರ ಅವಂಗೂ ಕಂಡಿಲ್ಲ, ಆಕಿಗೂ ಕಂಡಿಲ್ಲ’ ಎಂದರು. ‘ನನ್ನ ಮಕ್ಕಳು. ಇಬ್ಬರಿಗೂ ಕಂಡಿಲ್ಲ ನೋಡು.’

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, ‘ಕಡೀಕ ನನ್ನ ಕೇಳಿದ್ಲೇನು?’

ಸುಳ್ಳು ಹೇಳಿದ್ದರೆ ಅವರ ಜೀವಕ್ಕೆ ಹಗುರವಾಗುತ್ತಿತ್ತೇನೋ. ಆದರೆ ನಾನು ಅಕ್ಕನ ಕೈಯಲ್ಲಿ ಕಲಿತವಳು.

‘ದಿನಾ ಕೇಳ್ತಿದ್ಲ್ರೀ’ ಎಂದೆ.

ಆ ತಾಯಿ ಎದ್ದು ಹಿಂದಿನ ಕೋಣೆಗೆ ಹೋದರು. ಅಕ್ಕನ ಮಂಚದ ಮೇಲಿನ ಚಾದರವನ್ನು ಕೈಯಿಂದ ಸವರಿ ಸವರಿ ಸರಿಮಾಡಿದರು. ಆಮೇಲೆ ಅಲ್ಲಿಯೇ, ಖಾಲಿ ದಿಂಬಿನ ಬದಿಗೆ ಕೂತು ಅತ್ತರು. ನಾನು ಬಾಗಿಲಲ್ಲಿ ನಿಂತಿದ್ದೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಅಕ್ಕ ಅಷ್ಟು ದಿನ ದಾರಿ ಕಾಯ್ದದ್ದು ಇವರಿಗಾಗಿ. ಇವರು ಬಂದಿದ್ದರು.