ಗದ್ದದ ಎಲುಬು

ಆ ಮುಂಜಾನೆಯೂ ಎದ್ದ ಕೂಡಲೇ ನನ್ನ ಕೈ ಗೋಡೆಯ ಗೂಡಿನ ಕಡೆ ಹೋಯಿತು. ಮುಂದಿನ ಎರಡು ಕಟ್ಟಿಸಿದ ಹಲ್ಲುಗಳ ಪ್ಲೇಟನ್ನು ರಾತ್ರಿ ನೀರಿನ ಬಟ್ಟಲಿಗೆ ಹಾಕಿ ಅಲ್ಲಿ ಇಡುತ್ತಿದ್ದೆ, ಎಷ್ಟೋ ವರ್ಷದ ರೂಢಿ. ಬಟ್ಟಲು ಇರಲಿಲ್ಲ. ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ. ಹಲ್ಲು ಬಾಯಲ್ಲೇ ಇದ್ದವು, ಅಲುಗಾಡದೆ.

ಬಚ್ಚಲ ಒಲೆ ಹೊತ್ತಿಸಿ, ಅಂಗಳಕ್ಕೆ ನೀರು ಹೊಡೆದು, ನಮ್ಮವರಿಗೆ ಚಹಾ ಕೊಟ್ಟು ರೊಟ್ಟಿಯ ಮುಂದೆ ಕೂತೆ. ನಾಗರಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಮನೆಮನೆಯಿಂದ ತಾಟಿನಲ್ಲಿ ಕಡಕ್ ರೊಟ್ಟಿ, ಪಲ್ಯ, ಚಟ್ನಿ ಓಣಿಯೆಲ್ಲ ಓಡಾಡುತ್ತವೆ. ರೊಟ್ಟಿಯನ್ನು ಮೊದಲೇ ಬಡಿದಿಟ್ಟಿದ್ದೆ. ಆದರೂ ಒಂದೊಂದನ್ನೇ ತಿರುಗಿ ಹಂಚಿಗೆ ಹಾಕಿ, ಕೆಂಡದ ಬಾಜೂಕೆ ನಿಲ್ಲಿಸಿ, ಉಗುರಿನಿಂದ ಬಡಿದು ನೋಡಿದೆ. ಹೆಂಚಿನ ಚೂರಿನ ಹಾಗೆ ಸಪ್ಪಳ ಬರುವ ತನಕ ಬಿಡಲಿಲ್ಲ. ಮಧ್ಯಾಹ್ನದ ಊಟಕ್ಕೆ ನಾದಿನಿ ಬರುವವರಿದ್ದರು.

ನಮ್ಮವರ ಅಕ್ಕ ಅವರು. ಪಂಚಮಿಗೆ ತವರಿಗೆ ಬರುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ನಾನು ಮದುವೆಯಾಗಿ ಬ್ಯಾಡಗಿಗೆ ಬಂದ ವರ್ಷವೂ ಬಂದಿದ್ದರು. ನನ್ನ ತವರಿನಲ್ಲಿ ಆ ವರ್ಷ ಸೂತಕವಿತ್ತು, ಹಬ್ಬ ಇರಲಿಲ್ಲ, ಹೀಗಾಗಿ ನಾನು ಇಲ್ಲೇ ಉಳಿದಿದ್ದೆ. ರೊಟ್ಟಿ ಹಬ್ಬದ ದಿನ ಅತ್ತೆ ನಾನು ಬಡಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹಾವೇರಿ ಕಾನ್ವೆಂಟ್‌ನ್ಯಾಗ ಓದಿದಾಕಿ ನೋಡ್ರಿ, ನನ್ನ ಮಗಳಿಗೂ ಇಷ್ಟು ತೆಳ್ಳಗ ಬರೂದಿಲ್ಲ" ಅಂದರು. ನಾದಿನಿ ಅಲ್ಲೇ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದರು. ಹೆರಳಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಸುತ್ತಿ ಬಿಚ್ಚಿದರು.

ಸಂಜೆ ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಿಂದ ಇಳಿದು, ಬೆನ್ನು ತಿರುಗಿಸಿ ಸೀರೆಯ ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದೆ. "ಏ ಕಾನ್ವೆಂಟು, ಇಲ್ಲಿ ನೋಡಿಲ್ಲೆ" ಎಂದು ಕರೆದರು. ತಿರುಗಿದೆ. ಅವರು ಜೋಕಾಲಿಯ ಖಾಲಿ ಮಣೆಯನ್ನು ಎರಡೂ ಕೈಯಿಂದ ದೂಡಿದ್ದನ್ನು ಕಂಡೆ, ಮಣೆ ಬಾಯಿಗೆ ಬಡಿಯಿತು. ಸಾಗವಾನಿ ಮಣೆ.

ಮೇಲಿನ ಎರಡು ಹಲ್ಲು ಹೋದವು. ಒಳಗಿನಿಂದ ಓಡಿಬಂದವರಿಗೆ ನಾದಿನಿ, "ತಾನ ಅಡ್ಡ ಬಂದ್ಲು, ಕಾನ್ವೆಂಟ್‌ನ್ಯಾಗ ಜೋಕಾಲಿ ಆಡೂದು ಎಲ್ಲಿ ಕಲಿಸ್ತಾರ?" ಅಂದರು. ನಾನು ಬಾಯಿಗೆ ಸೀರೆಯ ಸೆರಗು ತುರುಕಿಕೊಂಡಿದ್ದೆ. ಮರುದಿನ ಹೇಳಿದರೆ ನಮ್ಮವರು ನಂಬಲಿಲ್ಲ. ಅತ್ತೆ, "ಹೆಣ್ಮಗಳು ಹಬ್ಬಕ್ಕ ಬಂದಾಳ, ಸುಮ್ನಿರವಾ" ಅಂದರು. ಸುಮ್ಮನಿದ್ದೆ. ಮೆತ್ತಗೆ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು. ಆದರೆ ಒಂದಲ್ಲ ಒಂದು ದಿನ ಅದೇ ಹಬ್ಬದ ಪಂಕ್ತಿಯಲ್ಲಿ, ಅವರ ಎದುರಿಗೇ ಕಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಮುರಿದು, 'ದೂಡಿದ್ದು ನಾನ' ಎಂದು ಅವರ ಬಾಯಿಂದಲೇ ಹೇಳಿಸಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಆಮೇಲೆ ಪ್ರತಿ ಪಂಚಮಿಗೂ ಅವರದು ಒಂದೇ ಆಟ. ತಾವೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಎಲ್ಲರೆದುರು ನನ್ನ ಮುಂದೆ ಸರಿಸುತ್ತಿದ್ದರು. "ತಗೋ ಕಾನ್ವೆಂಟು. ಹಲ್ಲು ಬಾಯಾಗ ಅದಾವೋ, ಬಟ್ಟಲದಾಗ ಬಿಟ್ಟು ಬಂದೀಯೋ?" ಪಂಕ್ತಿಯಲ್ಲಿ ಎಲ್ಲರೂ ನಗುತ್ತಿದ್ದರು. ನಾನು ತಿನ್ನುತ್ತಿದ್ದೆ. ಬಾಜೂ ಮನೆಯ ಹಿರಿಯ ಹೆಂಗಸು, ಓಣಿಗೆಲ್ಲ ಕಾಕು, ಅವರು ಮಾತ್ರ ತಮ್ಮ ತಾಟಿನಲ್ಲಿ ನನಗೆಂದೇ ಬೇರೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಮೆತ್ತನೆ ರೊಟ್ಟಿ ತರುತ್ತಿದ್ದರು. ಕೇಳದೆಯೇ ತರುತ್ತಿದ್ದರಲ್ಲ, ಎಂಥ ಕರುಳು ಅಂದುಕೊಳ್ಳುತ್ತಿದ್ದೆ.

ಬರಬರುತ್ತ ಪ್ಲೇಟು ಸಡಿಲಾಯಿತು. ರಾಣೇಬೆನ್ನೂರಿನ ಹಲ್ಲಿನ ಡಾಕ್ಟರರು ಫೋಟೊ ತೆಗೆದು ಬೆಳಕಿಗೆ ಹಿಡಿದರು. "ಹಲ್ಲು ಹೋದ ಮ್ಯಾಲೆ ಅಲ್ಲಿ ಎಲುಬಿಗೆ ಕೆಲಸ ಇರೂದಿಲ್ರಿ, ಕರಗಿ ಹೋಗತದ. ನಿಮ್ದು ತಗಡಿನಂಗ ತೆಳ್ಳಗಾಗೇದ" ಅಂದರು. ಎಲುಬಿನೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು ಹೊಸದಾಗಿ ಬಂದಿದೆಯಂತೆ. ಆದರೆ ಮೊದಲು ಗದ್ದದಿಂದ ಒಂದು ಚೂರು ಎಲುಬು ತೆಗೆದು ಮೇಲೆ ಕೂಡಿಸಬೇಕು, ಅದು ಹತ್ತಿಕೊಳ್ಳುವ ತನಕ ತಿಂಗಳುಗಟ್ಟಲೆ ಕಾಯಬೇಕು.

"ಪ್ಲೇಟ್ ಐತಲ್ಲ, ಇದೆಲ್ಲ ಯಾಕ?" ಅಂದರು ನಮ್ಮವರು.

"ರೊಟ್ಟಿ ತಿನ್ನಬೇಕ್ರಿ" ಅಂದೆ. ಅಷ್ಟೇ ಹೇಳಿದೆ.

ಹುಬ್ಬಳ್ಳಿಯಿಂದ ಬಂದ ಸರ್ಜನ್ನರು ಅಲ್ಲೇ ಮಾಡಿದರು. ಬಾಯಿ ಸತ್ತಂತಾಗಿತ್ತು, ಕಿವಿ ಮಾತ್ರ ಎಚ್ಚರ. ಗದ್ದದೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಸಣ್ಣ ಉಳಿಯ ಪೆಟ್ಟು. ತೆಗೆದ ಚೂರನ್ನು ಕೇಳಿ ನೋಡಿದೆ. ಹುಣಸೆ ಬೀಜದಷ್ಟಿತ್ತು. ಒಂದೊಂದು ಪೆಟ್ಟಿಗೂ ನಾದಿನಿಯ ಮುಖವನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಅಂಜಿಕೆ ಬರಲಿಲ್ಲ.

ಮೆಣಸಿನಕಾಯಿ ಸುಗ್ಗಿ ಅದು. ನಮ್ಮವರದು ದಲಾಲಿ ಅಂಗಡಿ, ಅಂಗಿಯ ತುಂಬ ಘಾಟು ಹೊತ್ತು ಬರುತ್ತಿದ್ದರು. ಒಂದು ಸೀನು ಬಂದರೆ ಹೊಲಿಗೆಯೆಲ್ಲ ಜಗ್ಗಿ ಕಣ್ಣಲ್ಲಿ ನೀರು. ಅಂಗಿಯನ್ನು ಹೊರಗೇ ಝಾಡಿಸಿ ಒಳಗೆ ಬರ್ರಿ ಎಂದು ಕೈಸನ್ನೆ ಮಾಡುತ್ತಿದ್ದೆ. ಕುಡಿಯಲು ಗಂಜಿ. ಗದ್ದಕ್ಕೆ ಸ್ಪರ್ಶವಿರಲಿಲ್ಲ, ಗಂಜಿ ಸೋರಿದರೂ ತಿಳಿಯುತ್ತಿರಲಿಲ್ಲ. ಇವತ್ತಿಗೂ ಅಲ್ಲಿ ಒಂದು ಕಡೆ ಜೋಮು. ಹೊಸ ಎಲುಬಿನ ಮೇಲೆ ಭಾರ ಬೀಳಬಾರದೆಂದು ಪ್ಲೇಟನ್ನೂ ಬಿಡಿಸಿದ್ದರು.

ಆ ವರ್ಷದ ಪಂಚಮಿಗೆ ಬೋಳು ಬಾಯಲ್ಲೇ ಬಡಿಸಿದೆ. "ಅಯ್ಯ, ಇದ್ದದ್ದನ್ನೂ ಕಳಕೊಂಡ್ಲು!" ಅಂದರು ನಾದಿನಿ. ಬಾಯಿ ಮುಚ್ಚಿ ನಕ್ಕೆ. ಆಗಲೇ ನನಗೊಂದು ಸಂಗತಿ ಕಂಡದ್ದು. ಶೇಂಗಾ ಉಂಡಿಯನ್ನು ಅವರು ಕಡಿಯಲಿಲ್ಲ, ಬಲಗಡೆಯ ದವಡೆಗೆ ಒತ್ತಿಟ್ಟುಕೊಂಡು ಬಹಳ ಹೊತ್ತು ಚೀಪಿದರು. ರೊಟ್ಟಿಯನ್ನು ಮಜ್ಜಿಗೆಯೊಳಗೆ ಯಾರಿಗೂ ಕಾಣದಂತೆ ಅದ್ದಿದರು. ಸಕ್ಕರೆ ಕಾಯಿಲೆ ಅವರ ಒಸಡಿಗೆ ಇಳಿದಿತ್ತು. ನನಗೆ ಅವತ್ತು ಚೆಂದ ನಿದ್ದೆ ಬಂತು.

ಮುಂದೆ ಸ್ಕ್ರೂ ಕೂತಿತು, ಹಲ್ಲು ಬಂದವು. "ಮುಂದಿನ ಹಲ್ಲಿಂದ ಗಟ್ಟಿ ಪದಾರ್ಥ ಕಡೀಬ್ಯಾಡ್ರಿ" ಎಂದು ಡಾಕ್ಟರರು ಒತ್ತಿ ಹೇಳಿದ್ದರು. ಹೂಂ ಅಂದಿದ್ದೆ.

ರೊಟ್ಟಿ ಹಬ್ಬದ ಆ ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ನಾನು ಇನ್ನೂ ತುಟಿ ತೆರೆದು ನಕ್ಕಿರಲಿಲ್ಲ. ನಾದಿನಿ ರೂಢಿಯಂತೆ ಹಾಲಿನ ಬಟ್ಟಲು ಸರಿಸಿದರು. "ತಗೋ ಕಾನ್ವೆಂಟು."

ನಾನು ಬುಟ್ಟಿಯಿಂದ ಎಲ್ಲಕ್ಕಿಂತ ಕಡಕ್ ರೊಟ್ಟಿ ಆರಿಸಿ, ಅವರ ಕಣ್ಣನ್ನೇ ನೋಡುತ್ತ ಮುಂದಿನ ಹಲ್ಲಿನಿಂದ ಕಡಿದೆ. ಆ ಸಪ್ಪಳಕ್ಕೆ ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು. ಸಾವಕಾಶ ಅಗಿದು ನುಂಗಿದೆ. ಆಮೇಲೆ ಬಟ್ಟಲನ್ನು ಅವರ ಕಡೆ ತಿರುಗಿ ಸರಿಸಿದೆ.

"ನೀವ ತಗೋರಿ ಅಕ್ಕಾರ. ನಿಮ್ಮ ದವಡಿ ಹಲ್ಲು ಅಳ್ಳಾಡಾಕತ್ತಾವಲ್ರಿ, ಹ್ವಾದ ವರ್ಷಾನ ನೋಡೇನಿ."

ಯಾರೋ ಕಿಸಕ್ಕನೆ ನಕ್ಕರು. ಅವರ ಕಿವಿಯ ಬುಡ ಕೆಂಪಾಯಿತು. ತಾಟಿನಲ್ಲಿ ಬೇರೇನೂ ಅವರ ಹಲ್ಲಿಗೆ ಮಣಿಯುವಂಥದಿರಲಿಲ್ಲ, ಹಾಗೆಯೇ ನಾನು ಬಡಿಸಿದ್ದೆ. ಚಮಚದಿಂದ ಒಂದು ತುತ್ತು ತಿಂದರು. ಎರಡನೆಯದನ್ನೂ ತಿನ್ನುವ ತನಕ ನೋಡುತ್ತ ಕೂತೆ. ಅಷ್ಟು ರುಚಿಯ ಊಟ ನಾನು ಮಾಡಿದ್ದಿಲ್ಲ.

"ಅವತ್ತ ಮಣಿ ದೂಡಿದ್ದು ಯಾರು, ಹೇಳ್ರಿ ಅಕ್ಕಾರ" ಎಂದು ಮೆತ್ತಗೆ ಕೇಳಿದೆ.

"ಇನ್ನೂ ಅದನ್ನ ಹಿಡಕೊಂಡು ಕುಂತೀಯೇನ?" ಚಮಚ ಬಟ್ಟಲಿಗೆ ಬಿತ್ತು. "ನೀನ ಅಡ್ಡ ಬಂದಿದ್ದಿ. ನಾ ದೂಡಿದ್ದು ಕಂಡವರು ಯಾರದಾರ? ಇದ್ರ ಕರಕೊಂಡು ಬಾ!"

"ಹಬ್ಬದ ದಿನ ಬ್ಯಾಡ ಬಿಡು" ಅಂದರು ನಮ್ಮವರು, ನನಗೆ. ಅವರಿಗಲ್ಲ. ಕಂಡವರು ಯಾರೂ ಇರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಜೂ ಮನೆಯ ಕಾಕು ತಾಟು ಹಿಡಿದು ಬಂದರು. ಮೇಲೆ ಬಿಳಿ ಬಟ್ಟೆಯ ಗಂಟು, ನನಗೆಂದು ಮೆತ್ತನೆ ರೊಟ್ಟಿ.

"ಇನ್ನ ಮೆತ್ತಂದು ಬ್ಯಾಡ್ರಿ ಕಾಕು" ಎಂದು ಹಲ್ಲು ತೋರಿಸಿದೆ.

ಕಾಕು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಜೋಮಿನ ಕಡೆ ಅವರ ಬೆರಳು ನನಗೆ ಗೊತ್ತಾಗಲಿಲ್ಲ.

"ಚಲೋ ಕುಂತಾವ ನೋಡವಾ" ಅಂದರು. "ಅವತ್ತ ನಾ ನಮ್ಮ ಹಿತ್ತಲದಾಗ ಅರಿವಿ ಒಣಾ ಹಾಕಾಕತ್ತಿದ್ದೆ. ಯವ್ವಾ, ಎಷ್ಟ ಜೋರ ದೂಡಿದ್ಲ ಆಕಿ! ಎರಡೂ ಕೈಲೆ. ಇರ್ಲಿ, ತಾಟು ಖಾಲಿ ಮಾಡಿ ಕೊಡು, ಇನ್ನೂ ನಾಕ ಮನಿಗೆ ಹೋಗೂದೈತಿ."