ಮೂರನೇ ಮಂಚದ ಪೋಸ್ಟಜ್ಜ

ಮೊನ್ನೆ ಅಟ್ಟದ ಮೇಲಿನ ಹಳೆಯ ಹಾಸಿಗೆ ಇಳಿಸುವಾಗ ಮಗಳ ಪರೀಕ್ಷೆಯ ಪ್ಯಾಡ್ ಜಾರಿ ಬಿತ್ತು. ಕಾಗದ ಹಿಡಿಯುವ ಕ್ಲಿಪ್ಪಿಗೆ ತುಕ್ಕು ಹತ್ತಿದೆ. ಮುರಿದ ಒಂದು ಮೂಲೆಗೆ ಆಸ್ಪತ್ರೆಯ ಬಿಳಿ ಟೇಪು ಸುತ್ತಿದೆ. ಧೂಳು ಒರೆಸುತ್ತಾ ಆ ಟೇಪಿನ ಮೇಲೆ ಬೆರಳಿಟ್ಟವಳು ಹಾಗೇ ಕೂತುಬಿಟ್ಟೆ. ಅದನ್ನು ಸುತ್ತಿದವರು ಮೂರನೇ ಮಂಚದ ಪೋಸ್ಟಜ್ಜ. ಎಡಗೈಗೆ ಸೂಜಿ ಚುಚ್ಚಿಕೊಂಡು ಮಲಗಿದ್ದವರು, ಬಲಗೈಯೊಂದರಲ್ಲೇ, ಹಲ್ಲಿನಿಂದ ಟೇಪು ಹರಿದು ಸುತ್ತಿದ್ದರು...

ನಮ್ಮೂರು ಸವಳಂಗ. ನಮ್ಮ ಮನೆಯವರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಅವರ ಸ್ಟೇರಿಂಗ್ ಹಿಡಿಯುವ ದಿನಗಳು ಮುಗಿದವು. ಮಂಗಳವಾರ, ಶುಕ್ರವಾರ ಎರಡು ಬಸ್ಸು ಹತ್ತಿ ಹೊನ್ನಾಳಿಗೆ ಡಯಾಲಿಸಿಸ್‌ಗೆ ಹೋಗಿ ಬರುವುದೇ ನಮ್ಮ ವಾರದ ಲೆಕ್ಕವಾಯಿತು. ಪ್ರಯಾಣಿಕರ ಸೀಟಿನಲ್ಲಿ ಕೂತರೂ ಅವರ ಬಲಗಾಲು ತಿರುವು ಬಂದಲ್ಲೆಲ್ಲ ಇಲ್ಲದ ಬ್ರೇಕು ಒತ್ತುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗೆ ಕಿಟಕಿಯ ಕಡೆ ತಿರುಗುತ್ತಿದ್ದೆ.

ಆಸ್ಪತ್ರೆಯಲ್ಲಿ ಅವರದು ಎರಡನೇ ಮಂಚ. ಪಕ್ಕದ ಮೂರನೆಯದು ಪೋಸ್ಟಜ್ಜನದು. ಸಾಸ್ವೆಹಳ್ಳಿಯವರು, ಸೈಕಲ್ಲಿನಲ್ಲಿ ಟಪಾಲು ಹಂಚಿ ನಿವೃತ್ತರಾದವರು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಟಪಾಲು ಹಂಚುವುದರ ಜೊತೆಗೆ ಓದು ಬಾರದವರಿಗೆ ಕಾಗದ ಓದುವುದು, ಬರೆದುಕೊಡುವುದು ಕೂಡ ಅವರ ಕೆಲಸವೇ ಆಗಿತ್ತಂತೆ. ಯಂತ್ರ ಶುರುವಾಗಿ ಎಲ್ಲರೂ ಕಣ್ಣು ಮುಚ್ಚಿದರೆ ಅವರು ಮಾತ್ರ ಮಾತಾಡುತ್ತಿದ್ದರು.

"ಡ್ರೈವರ್ ಸಾಹೇಬ್ರೇ, ನಿದ್ದಿ ಹೊಡೀಬ್ಯಾಡ್ರಿ. ಗಾಡಿ ಹಳ್ಳಕ್ಕೆ ಇಳೀತೈತೆ!"

"ನೀವು ಸೈಕಲ್ ಬೆಲ್ ಹೊಡೀತಿರ್ರಿ ಅಜ್ಜ, ಎಚ್ಚರ ಇರ್ತೀನಿ," ಎನ್ನುತ್ತಿದ್ದರು ನಮ್ಮವರು. ಮನೆಯಲ್ಲಿ ಮರೆತ ನಗು ಅಲ್ಲಿ ಬರುತ್ತಿತ್ತು.

ಒಂದು ಶುಕ್ರವಾರ ವಾರ್ಡಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಕಿಡ್ನಿ ಕಾಯಿಲೆ ಇರುವ ಮನೆಗಳ ಮಕ್ಕಳಿಗೆ ಓದಲು ವಿದ್ಯಾರ್ಥಿವೇತನ. ಅರ್ಜಿಯ ಜೊತೆ ಒಂದು ಪುಟ ಬರೆಯಬೇಕು: ಕಾಯಿಲೆಯಿಂದ ನಿಮ್ಮ ಬದುಕು ಹೇಗೆ ಬದಲಾಗಿದೆ?

ಮಗಳು ದಿನಾ ಮನೆಯಿಂದ ಶಿವಮೊಗ್ಗಕ್ಕೆ ಹೋಗಿ ಬಂದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಮೂರನೇ ವರ್ಷ ಓದಿಸಲು ಆಗುವುದಿಲ್ಲವೆಂದು ನಾವಿಬ್ಬರೂ ಬಾಯಿಬಿಟ್ಟು ಆಡದೆಯೇ ತೀರ್ಮಾನಿಸಿದ್ದೆವು. ಅವಳನ್ನು ಸೇರಿಸಲು ಬಟ್ಟೆ ಅಂಗಡಿಯೊಂದರಲ್ಲಿ ಮಾತಾಡಿಯೂ ಆಗಿತ್ತು. ಈ ಅರ್ಜಿ ಒಪ್ಪಿಗೆಯಾದರೆ ಓದು, ಇಲ್ಲದಿದ್ದರೆ ಅಂಗಡಿ.

ಮುಂದಿನ ಮಂಗಳವಾರ ಕಾಲೇಜಿಗೆ ರಜೆ ಇತ್ತು. ಅವಳೂ ಅರ್ಜಿ, ಪ್ಯಾಡ್ ಹಿಡಿದು ನಮ್ಮ ಜೊತೆ ಬಂದಳು. "ಕೊಡು ಇಲ್ಲಿ. ಬರಿಯೋದು ನನ್ನ ಕಸುಬು," ಎಂದು ಪೋಸ್ಟಜ್ಜ ಕೈ ಚಾಚಿದರು. ಆಗಲೇ ಪ್ಯಾಡಿನ ಮುರಿದ ಮೂಲೆಗೆ ಟೇಪು ಸುತ್ತಿದ್ದು. ಆಮೇಲೆ ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನಾಲಗೆ ಕಚ್ಚಿ, ದುಂಡಗೆ ಬರೆಯತೊಡಗಿದರು. ಮಗಳು ಬಗ್ಗಿ ಓದಿದಳು.

"ಪೂಜ್ಯರಿಗೆ ನಮಸ್ಕಾರಗಳು. ಇತ್ತ ಕಡೆ ನಾವೆಲ್ಲರೂ ಕ್ಷೇಮ..."

ಅವಳಿಗೆ ನಗು ತಡೆಯಲಾಗಲಿಲ್ಲ. ಸಿಸ್ಟರ್ ಕೂಡ ನಕ್ಕರು. "ಏನಜ್ಜಾ, ಎಲ್ಲರೂ ಕ್ಷೇಮ ಇದ್ರೆ ಅವರು ದುಡ್ಡು ಯಾಕೆ ಕೊಡ್ತಾರೆ?"

ಪೋಸ್ಟಜ್ಜನೂ ನಕ್ಕರು. ಆದರೆ ಆ ನಗು ಅರ್ಧಕ್ಕೇ ನಿಂತಿತು. "ಕೈ ತಾನಾಗೇ ಬರೀತು ನೋಡವ್ವ," ಎಂದರು ನನ್ನ ಕಡೆ ತಿರುಗಿ. "ಗಂಡ ಸತ್ತೋಳಿಗೂ ಹಿಂಗೇ ಬರೆದುಕೊಟ್ಟೀನಿ, ಮನೆ ಬಿದ್ದೋರಿಗೂ ಹಿಂಗೇ. ಮೊದಲು ಕ್ಷೇಮ, ಆಮೇಲೆ ವಿಷಯ. ಎಷ್ಟೋ ಜನ ಕ್ಷೇಮ ಬರೆಸಿ, ವಿಷಯ ಹೇಳಾಕೆ ಆಗದೆ, ಸಾಕು ಬಿಡ್ರಿ ಅಂತ ಎದ್ದು ಹೋದ್ರು..."

ಪ್ಯಾಡನ್ನು ಮಗಳಿಗೇ ವಾಪಸು ಕೊಟ್ಟರು. "ನೀನೇ ಬರಿ ತಾಯಿ. ಮನೆಯಾಗೆ ಏನೈತೋ ಅದನ್ನಷ್ಟೇ ಬರಿ."

ಅವಳು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಬರೆದಳು. ನನಗೆ ತೋರಿಸಲಿಲ್ಲ, ಮೊದಲು ಅಜ್ಜನಿಗೆ ಕೊಟ್ಟಳು. ಅವರು ಓದಿ ಕನ್ನಡಕ ತೆಗೆದು ಎದೆಯ ಮೇಲಿಟ್ಟುಕೊಂಡರು. ಹಾಳೆಯನ್ನು ನನ್ನ ಕಡೆ ಚಾಚಿದರು.

ಅದರಲ್ಲಿ ಹೀಗಿತ್ತು. ಅಪ್ಪ ದಿನಕ್ಕೆ ಇಷ್ಟೇ ನೀರು ಕುಡಿಯಬೇಕು. ಅಮ್ಮ ಬೆಳಿಗ್ಗೆ ಅಳೆದು ಒಂದು ಬಾಟಲಿಗೆ ತುಂಬಿಡುತ್ತಾಳೆ. ಸಂಜೆಯ ಹೊತ್ತಿಗೆ ಅಪ್ಪ ಖಾಲಿ ಬಾಟಲಿಯನ್ನು ನೋಡುತ್ತಾ ಕೂರುತ್ತಾರೆ. ಅದಕ್ಕೆ ಅವರೆದುರು ನಾನು ನೀರು ಕುಡಿಯುವುದಿಲ್ಲ. ಊಟವಾದ ಮೇಲೆ ಹಿತ್ತಲಿಗೆ ಹೋಗಿ ಕುಡಿದು ಬರುತ್ತೇನೆ. ಅಮ್ಮನೂ ಹಾಗೇ ಮಾಡುತ್ತಾಳೆ. ನಾವು ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ.

ನಾನು ಎಷ್ಟು ಅಕ್ಕಿ ಹಾಕಿದೆ, ಹಾಲು ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಮರೆಯದವಳು. ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಗಟಗಟ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಮಗಳೂ ಬಾಯಾರಿಕೊಂಡೇ ಉಣ್ಣುತ್ತಿದ್ದಾಳೆಂದು ಗೊತ್ತಾಗಿರಲಿಲ್ಲ... ಅಳು ಬರಲಿಲ್ಲ, ಮೊದಲು ಬಂದದ್ದು ಸಿಟ್ಟು.

"ಮನೆ ಒಳಗಿಂದು ಊರಿಗೆಲ್ಲಾ ಸಾರ್ತೀಯೇನೇ? ನಾಚಿಕೆ ಆಗಲ್ವಾ? ಇದನ್ನ ಕಳಿಸಬ್ಯಾಡ," ಎಂದೆ. ಹಾಳೆ ಮಡಚಿ ಬ್ಯಾಗಿಗೆ ತುರುಕಲು ಹೋದೆ.

ಪೋಸ್ಟಜ್ಜ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಹಗುರವಾಗಿತ್ತು, ದನಿ ಮಾತ್ರ ಗಟ್ಟಿ. "ಕೊಡವ್ವ ಇಲ್ಲಿ. ಅದು ನಿನ್ನ ಟಪಾಲಲ್ಲ. ಬ್ಯಾರೇರ ಟಪಾಲು ತಡೆದ್ರೆ ನಮ್ಮ ಕಸುಬಿನಾಗೆ ಕೆಲ್ಸ ಹೋಗ್ತೈತೆ."

ನಮ್ಮವರು ಎಲ್ಲ ಕೇಳಿಸಿಕೊಂಡು ಕಣ್ಣು ಮುಚ್ಚಿಯೇ ಮಲಗಿದ್ದರು. ಹಾಗೇ, "ಕಳಿಸ್ಲಿ ಬಿಡು," ಎಂದರು. ಅಷ್ಟೇ.

ಮಳೆಗಾಲ ಹಿಡಿಯುವ ಹೊತ್ತಿಗೆ ವಿದ್ಯಾರ್ಥಿವೇತನ ಬಂತು. ಬಟ್ಟೆ ಅಂಗಡಿಯ ಮಾತು ಅಲ್ಲಿಗೆ ನಿಂತಿತು. ಮಂಗಳವಾರ ನಾನು ಬೆಲ್ಲದ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಪೋಸ್ಟಜ್ಜನ ಬಾಯಿಗೆ ಹಾಕಿದೆ. ಅವರು ಮಗುವಿನಂತೆ ಚೀಪುತ್ತಾ, "ಟಪಾಲ್ನಾಗೆ ಬಂತಾ?" ಎಂದು ಕೇಳಿದರು.

"ಇಲ್ಲಜ್ಜ, ಮೊಬೈಲಿಗೆ ಬಂತು."

ಅವರ ಮುಖ ಸಣ್ಣದಾಯಿತು. "ಜೀವಮಾನ ಪೂರ್ತಿ ಊರವರ ಟಪಾಲು ಹೊತ್ತೆ ಕಣವ್ವ. ನನ್ನ ಹೆಸರಿಗೆ ಬಂದಿದ್ದು ಬರೇ ಆಫೀಸಿನ ಕಾಗದ. ನಿನ್ನ ಮಗಳಿಗೆ ಹೇಳು, ಅರ್ಜಿ ಪಾಸಾತು ಅಂತ ನನಗೊಂದು ಕಾಗದ ಬರೀಲಿ. ಅಂಚೆಗೇ ಹಾಕ್ಬೇಕು, ಕೈಯಾಗೆ ತಂದು ಕೊಡಂಗಿಲ್ಲ. ಮತ್ತೆ... ಕ್ಷೇಮ ಅಂತ ಬರೀಬ್ಯಾಡ ಅನ್ನು, ವಿಷಯ ಬರೀಲಿ!"

ವಿಳಾಸವನ್ನು ಅವರೇ ಬರೆದುಕೊಟ್ಟರು. ಅಂದೇ ಹೊನ್ನಾಳಿಯಲ್ಲಿ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಕಾಗದವೊಂದನ್ನು ತಂದೆ. ಮಗಳಿಗೂ ಖುಷಿಯೇ. ಜನ್ಮದಲ್ಲಿ ಕಾಗದ ಬರೆದವಳಲ್ಲ, ಹೇಗೆ ಮಡಚಬೇಕೆಂದೂ ಗೊತ್ತಿರಲಿಲ್ಲ. ಚೆನ್ನಾಗಿ ಬರೆಯಬೇಕು, ಪುರುಸೊತ್ತಿನಲ್ಲಿ ಬರೀತೀನಿ ಎಂದಳು. ಭಾನುವಾರ ಕೇಳಿದರೆ ಲ್ಯಾಬ್ ರೆಕಾರ್ಡು, ಮುಂದಿನ ಭಾನುವಾರ ಕೇಳಿದರೆ ಇಂಟರ್ನಲ್ಸು. ನಾನೂ ಮನೆ ನಡೆಸಲು ಹಿಡಿದ ಹೊಲಿಗೆ, ಬಸ್ಸು, ಆಸ್ಪತ್ರೆ ಎಂದು ಕೇಳುವುದನ್ನು ಬಿಟ್ಟೆ. ಪೋಸ್ಟಜ್ಜ ಮಾತ್ರ ಬಿಡಲಿಲ್ಲ.

"ಇನ್ನೂ ಬಂದಿಲ್ಲವ್ವ. ನಮ್ಮ ಹೊಸ ಪೋಸ್ಟ್‌ಮ್ಯಾನ್ ಸೋಂಬೇರಿ. ಚೀಲದ ತಳದಾಗೆ ಉಳಿಸಿರ್ತಾನೆ," ಎನ್ನುತ್ತಿದ್ದರು. ಮಗಳನ್ನು ಒಂದು ದಿನವೂ ದೂರಲಿಲ್ಲ. ನಿಜ ಹೇಳಲು ನನಗೂ ಬಾಯಿ ಬರಲಿಲ್ಲ. "ಬರುತ್ತೆ ಬಿಡ್ರಿ ಅಜ್ಜ," ಎಂದುಬಿಟ್ಟೆ, ಒಂದಲ್ಲ, ಎಷ್ಟೋ ವಾರ...

ದಸರೆ ಕಳೆದ ಒಂದು ಶುಕ್ರವಾರ ಮೂರನೇ ಮಂಚಕ್ಕೆ ಹೊಸ ಹಾಸು ಹಾಸಿತ್ತು. ಸಿಸ್ಟರ್ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಬುಧವಾರ ಮನೆಯಲ್ಲೇ ಹೋದರಂತೆ. ಆ ದಿನ ಯಂತ್ರದಿಂದ ಬಿಡಿಸುವವರೆಗೂ ನಮ್ಮವರು ಆ ಕಡೆ ತಿರುಗಲಿಲ್ಲ.

ಈಗ ಮಗಳು ದಾವಣಗೆರೆಯಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಾವು ಈಗಲೂ ಅದೇ ಎರಡು ಬಸ್ಸು ಹತ್ತುತ್ತೇವೆ. ಮೂರನೇ ಮಂಚಕ್ಕೆ ಉಬ್ರಾಣಿ ಕಡೆಯ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಹೋದ ವಾರ ಯಾಕೋ, "ಅಕ್ಕಾ, ನನಗಿಂತ ಮೊದಲು ಇಲ್ಲಿ ಯಾರಿದ್ರು?" ಎಂದು ಕೇಳಿದಳು. ಪೋಸ್ಟ್‌ಮ್ಯಾನ್ ಆಗಿದ್ದರು, ತುಂಬಾ ನಗಿಸುತ್ತಿದ್ದರು ಎಂದು ಹೇಳಿದೆ. ಇನ್ನೊಂದು ಮಾತನ್ನು ಅವಳಿಗೆ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ನಮ್ಮಿಂದ ಕೇಳಿದ್ದು ಒಂದು ಕಾಗದ. ನಾವು ಬರೆಯಲಿಲ್ಲ.